ದೊಡ್ಡವರಾದ ಮೇಲೆ ಸ್ಪ್ಯಾನಿಷ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರುವುದು ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ. ಸ್ಪ್ಯಾನಿಷ್ ಕಲಿಯಲು ಶುರು ಮಾಡಿದಾಗ ನನಗೆ 41. ಸಂಜೆ ಕ್ಲಾಸಿನಲ್ಲಿ ಜೊತೆಗಿದ್ದವರೆಲ್ಲ ಹುಟ್ಟಿನಿಂದ ಇಂಗ್ಲಿಷ್ ಮಾತಾಡಿದ ಅಮೆರಿಕನ್ನರು: ನಿವೃತ್ತಿಯಾದ ಒಬ್ಬ ನರ್ಸ್, ಒಬ್ಬ ಫೈರ್‌ಮನ್, ಮೆಕ್ಸಿಕೊದ ಹುಡುಗಿಯನ್ನು ಮದುವೆಯಾಗಲು ಹೊರಟಿದ್ದ ಒಬ್ಬ ಹುಡುಗ. ಪುಸ್ತಕ, ಆ್ಯಪ್, ಮೇಷ್ಟ್ರ ವಿವರಣೆ ಎಲ್ಲವೂ ಇಂಗ್ಲಿಷ್‌ನಲ್ಲೇ. ಅವರು ಎಡವಿದ ಕಡೆಯೆಲ್ಲ ನಾನೂ ಎಡವಿದೆ. ಆರು ತಿಂಗಳಾದ ಮೇಲೆ ಗೊತ್ತಾಯಿತು, ಅದರಲ್ಲಿ ಅರ್ಧ ಕಡೆ ನಾನು ಎಡವುವ ಕಾರಣವೇ ಇರಲಿಲ್ಲ ಅಂತ. ಆಮೇಲೆ ಇಲ್ಲಿನ ಕನ್ನಡದವರು, ಊರಿನ ಗೆಳೆಯರು ಕೇಳಿದ ಪ್ರಶ್ನೆಗಳೆಲ್ಲ ಹೆಚ್ಚೂಕಮ್ಮಿ ಒಂದೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಸ್ಪ್ಯಾನಿಷ್ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಯಾಕೆ ಅಂತ ಉಚ್ಚಾರಣೆಯ ಪ್ರಶ್ನೆಗೆ ಬಂದಾಗ ತಿಳಿಯುತ್ತದೆ.

40 ದಾಟಿದ ಮೇಲೆ ಭಾಷೆ ತಲೆಗೆ ಹತ್ತುತ್ತಾ?

ಹತ್ತುತ್ತದೆ. ಮಕ್ಕಳಿಗೆ ಬೇಗ ಬರುತ್ತದೆ ಅನ್ನುವುದು ಅರ್ಧ ಸತ್ಯ. ಮಕ್ಕಳ ಉಚ್ಚಾರಣೆ ಕೊನೆಗೆ ನಮಗಿಂತ ಚೆನ್ನಾಗಿರುತ್ತದೆ, ಅದು ಹೌದು. ಆದರೆ ಮೊದಲ ಕೆಲವು ತಿಂಗಳಲ್ಲಿ ದೊಡ್ಡವರೇ ಮುಂದೆ ಇರುತ್ತಾರೆ, ಯಾಕೆಂದರೆ ನಮಗೆ ನಿಯಮ ಹೇಳಿದರೆ ಅರ್ಥವಾಗುತ್ತದೆ, ಪಟ್ಟಿ ಮಾಡಲು ಬರುತ್ತದೆ, ಓದಲು ಬರುತ್ತದೆ. ಮಗು ದಿನವಿಡೀ ಕೇಳಿಸಿಕೊಂಡು ಮೂರು ವರ್ಷಕ್ಕೆ ಮೂರು ವರ್ಷದ ಮಗುವಿನ ಹಾಗೆ ಮಾತಾಡುತ್ತದೆ, ಅಷ್ಟೇ. ನಮಗೆ ಕಮ್ಮಿ ಇರುವುದು ಸಮಯ. ಇನ್ನೊಂದು, ನಾಚಿಕೆ ಜಾಸ್ತಿ.

ಎಷ್ಟು ದಿನ ಬೇಕು?

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ನಡೆಸುತ್ತದೆ. ಅವರ ಲೆಕ್ಕದಲ್ಲಿ ಇಂಗ್ಲಿಷ್ ಮಾತಾಡುವವರಿಗೆ ಸ್ಪ್ಯಾನಿಷ್ ಅತಿ ಸುಲಭದ ಗುಂಪಿನ ಭಾಷೆ: 600ರಿಂದ 750 ಗಂಟೆ ಕ್ಲಾಸು. ಹಿಂದಿಗೆ ಸುಮಾರು 1100, ಜಪಾನಿ ಭಾಷೆಗೆ 2200. ಆದರೆ ಇದನ್ನು ಓದಿ ಖುಷಿಪಡುವ ಮೊದಲು ಒಂದು ಮಾತು. ಅವರಿಗೆ ಅದೇ ಉದ್ಯೋಗ, ಸಂಬಳ ತಗೊಂಡು ದಿನಕ್ಕೆ ಐದು ಗಂಟೆ ಕೂರುತ್ತಾರೆ, ಕ್ಲಾಸಿನಲ್ಲಿ ನಾಲ್ಕೈದೇ ಜನ, ಮನೆಗೆ ಹೋದ ಮೇಲೂ ಹೋಮ್‌ವರ್ಕ್. ನಾವು ಆಫೀಸು ಮುಗಿಸಿ, ಅಡುಗೆ ಮುಗಿಸಿ, ಅರ್ಧ ಕಣ್ಣು ಮುಚ್ಚಿಕೊಂಡು ಕೂರುವ ಗಂಟೆ ಅವರ ಗಂಟೆಗೆ ಸಮ ಆಗುವುದಿಲ್ಲ.

ದಿನಕ್ಕೆ ಒಂದು ಗಂಟೆ ತಪ್ಪದೆ ಕೊಟ್ಟರೆ ಎರಡು ವರ್ಷಕ್ಕೆ 730 ಗಂಟೆ. ನನಗೆ ಅಂಗಡಿಯಲ್ಲಿ ಮಾತಾಡುವಷ್ಟು ಬರಲು ಎಂಟು ತಿಂಗಳಾಯಿತು. ಪಕ್ಕದ ಮನೆಯವರ ಜೊತೆ ನಿಂತು ಅರ್ಧ ಗಂಟೆ ಹರಟಲು ಮೂರು ವರ್ಷ. 30 ದಿನದಲ್ಲಿ ಕಲಿಸುತ್ತೇವೆ ಅನ್ನುವ ಜಾಹೀರಾತು ಕಂಡರೆ ಸುಮ್ನೆ ಮುಂದೆ ಹೋಗಿ.

ಇಂಗ್ಲಿಷ್ ಬಂದರೆ ಸ್ಪ್ಯಾನಿಷ್ ಸುಲಭ ಅಂತಾರೆ. ಹೌದಾ?

ಪದಗಳ ಮಟ್ಟಿಗೆ ಹೌದು, ಅದೊಂದು ಲಾಟರಿ. ಲ್ಯಾಟಿನ್‌ನಿಂದ ಬಂದ ಸಾವಿರಾರು ಪದಗಳು ಎರಡರಲ್ಲೂ ಇವೆ. ನೇಷನ್ ಇದ್ದದ್ದು ನಸ್ಯೋನ್, ಯೂನಿವರ್ಸಿಟಿ ಇದ್ದದ್ದು ಉನಿಬೆರ್ಸಿದಾದ್, ಫೇಮಸ್ ಇದ್ದದ್ದು ಫಮೋಸೊ, ನಾರ್ಮಲಿ ಇದ್ದದ್ದು ನೊರ್ಮಲ್ಮೆಂತೆ. ಬಾಲ ಬದಲಾಯಿಸುವುದನ್ನು ಕಲಿತರೆ ಒಂದೇ ವಾರದಲ್ಲಿ ನೂರಾರು ಪದ ಕೈಗೆ ಸಿಗುತ್ತವೆ. ಇನ್ನೊಂದು ತಮಾಷೆ ನೋಡಿ. ಸ್ಕೂಲ್ ಅಲ್ಲಿ ಎಸ್ಕ್ವೆಲಾ, ಸ್ಟೇಷನ್ ಎಸ್ತಸ್ಯೋನ್, ಸ್ಟೂಡೆಂಟ್ ಎಸ್ತುದ್ಯಾಂತೆ. ಸಕಾರದ ಒತ್ತಕ್ಷರದಿಂದ ಪದ ಶುರು ಮಾಡಲು ಅವರ ನಾಲಿಗೆಗೂ ಆಗುವುದಿಲ್ಲ, ಮುಂದೊಂದು ಸ್ವರ ಹಚ್ಚುತ್ತಾರೆ. ನಮ್ಮ ಅಜ್ಜಿ ಇಸ್ಕೂಲು, ಇಸ್ಟೇಷನ್ನು ಅಂದಾಗ ನಗುತ್ತಿದ್ದೆವಲ್ಲ, 20 ದೇಶಗಳಲ್ಲಿ ಅದೇ ಸರಿಯಾದ ಭಾಷೆ.

ಆದರೆ ಮೋಸದ ಪದಗಳೂ ಇವೆ. ರೋಪಾ ಅಂದರೆ ಹಗ್ಗ ಅಲ್ಲ, ಬಟ್ಟೆ. ಸೋಪಾ ಅಂದರೆ ಸೋಪಲ್ಲ, ಕುಡಿಯುವ ಸೂಪು. ಕಾರ್ಪೆತಾ ಅಂದರೆ ಫೈಲು. ಎಕ್ಸಿತೊ ಅಂದರೆ ಹೊರಗೆ ಹೋಗುವ ದಾರಿ ಅನ್ನಿಸುತ್ತದೆ, ಅದು ಯಶಸ್ಸು. ಹೋಟೆಲ್ ರೂಮಿನ ಬಾಗಿಲಿಗೆ ನೇತುಹಾಕುವ ಬೋರ್ಡಿನಲ್ಲಿ ‘ನೊ ಮೊಲೆಸ್ತಾರ್’ ಎಂದು ಓದಿ ನಮ್ಮ ಕ್ಲಾಸಿನ ನರ್ಸಮ್ಮ ಗಾಬರಿಯಾಗಿದ್ದರಂತೆ. ತೊಂದರೆ ಕೊಡಬೇಡಿ ಅಂತ ಅದರ ಅರ್ಥ, ಅಷ್ಟೇ. ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಎಂಬರಸಾದಾ. ಮುಜುಗರವಾಯಿತು ಅನ್ನಲು ಹೋಗಿ ಬಸುರಿಯಾಗಿದ್ದೇನೆ ಅಂದುಬಿಡುತ್ತಾರೆ.

ಕನ್ನಡ ಬಂದರೆ ಏನಾದರೂ ಉಪಯೋಗ ಉಂಟಾ?

ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆರು ತಿಂಗಳು ಉಳಿಯುತ್ತಿತ್ತು. ಪದ ಬೇಕಾದರೆ ಇಂಗ್ಲಿಷ್‌ನಿಂದ ತಗೊಳ್ಳಿ, ವಾಕ್ಯ ಬೇಕಾದರೆ ಮೊದಲು ಕನ್ನಡವನ್ನು ಕೇಳಿ. ಎರಡೂ ಬೇರೆ ಬೇರೆ ಭಾಷಾ ಕುಟುಂಬ, ನೆಂಟಸ್ತಿಕೆ ಏನೂ ಇಲ್ಲ. ಆದರೂ ಯೋಚನೆ ಮಾಡುವ ದಾರಿ ಎಷ್ಟೋ ಕಡೆ ಒಂದೇ.

ಕ್ಲಾಸಿನ ಎರಡನೇ ತಿಂಗಳಲ್ಲಿ ‘ಮೆ ಗುಸ್ತಾ ಎಲ್ ಕಫೆ’ ಬಂತು. ಕಾಫಿ ಇಷ್ಟ ಅನ್ನುವುದಕ್ಕೆ. ಇಂಗ್ಲಿಷ್‌ನಲ್ಲಿ ‘ನಾನು’ ಕರ್ತೃ, ಇಷ್ಟಪಡುವುದು ನನ್ನ ಕೆಲಸ. ಸ್ಪ್ಯಾನಿಷ್‌ನಲ್ಲಿ ಕಾಫಿಯೇ ಕರ್ತೃ, ನನಗೆ ಅದು ಹಿಡಿಸುತ್ತದೆ. ಇದನ್ನು ಅರ್ಥ ಮಾಡಿಸಲು ಮೇಷ್ಟ್ರು ಎರಡು ಸಂಜೆ ತಗೊಂಡರು, ಬೋರ್ಡಿನ ಮೇಲೆ ಬಾಣ ಬರೆದರು, ಕ್ರಿಯಾಪದ ತಲೆಕೆಳಗಾಗಿದೆ ಎಂದರು, ಫೈರ್‌ಮನ್ ತಲೆ ಕೆರೆದುಕೊಂಡ, ನಾನೂ ಕೆರೆದುಕೊಂಡೆ. ನಾನು ಕೆರೆದುಕೊಂಡದ್ದು ಯಾಕೆ? ‘ನನಗೆ ಕಾಫಿ ಇಷ್ಟ’ ಅಂತ ಹುಟ್ಟಿದಾಗಿನಿಂದ ಹೇಳಿದವರಲ್ಲವಾ ನಾವು? ‘ನಾನು ಕಾಫಿಯನ್ನು ಇಷ್ಟಪಡುತ್ತೇನೆ’ ಅಂತ ಯಾವ ಮನೆಯಲ್ಲಿ ಹೇಳುತ್ತಾರೆ?

ಹೀಗೇ ಒಂದರ ಹಿಂದೆ ಒಂದು. ‘ಮೆ ದ್ವೆಲೆ ಲಾ ಕಬೇಸಾ’, ನನಗೆ ತಲೆ ನೋಯುತ್ತಿದೆ. ಕಬೇಸಾ ಅಂದರೆ ತಲೆ. ‘ನನ್ನ ತಲೆ’ ಅನ್ನುವುದಿಲ್ಲ, ನಾವೂ ಅನ್ನುವುದಿಲ್ಲ, ಬೇರೆಯವರ ತಲೆ ನನಗೆ ಯಾಕೆ ನೋಯುತ್ತದೆ? ‘ಮೆ ಫಾಲ್ತಾ ದಿನೇರೊ’, ನನಗೆ ದುಡ್ಡು ಕಮ್ಮಿ ಬಿದ್ದಿದೆ. ನನಗೆ ಬಹಳ ಇಷ್ಟವಾದದ್ದು ‘ಸೆ ಮೆ ಒಲ್ಬಿದೋ’. ನಾನು ಮರೆತೆ ಅಂತಲೂ ಹೇಳಬಹುದು, ಆದರೆ ಜನ ಜಾಸ್ತಿ ಹೇಳುವುದು ಇದನ್ನೇ: ನನಗೆ ಮರೆತುಹೋಯಿತು. ತಪ್ಪು ನನ್ನದಲ್ಲ, ಅದು ತಾನಾಗೇ ಹೋಯಿತು! ಲೋಟ ಬಿದ್ದರೂ ‘ಸೆ ಮೆ ಕಯೋ’, ಕೈಯಿಂದ ಬಿದ್ದುಹೋಯ್ತು. ಇಂಗ್ಲಿಷ್ ಮಾತಾಡುವವರಿಗೆ ಇಲ್ಲಿ ‘ನಾನು ಬೀಳಿಸಿದೆ’ ಅನ್ನದೆ ಗತಿಯಿಲ್ಲ, ಪಾಪ.

ಇನ್ನು ‘ನಾನು’ ಬಿಡುವುದು. ಇಂಗ್ಲಿಷ್‌ನವರು ಪ್ರತಿ ವಾಕ್ಯಕ್ಕೂ ‘ಯೊ, ಯೊ’ ಅನ್ನುತ್ತಾ ಇರುತ್ತಾರೆ, ಕೇಳುವವರಿಗೆ ಇವರೆಂಥ ಜಂಬದವರಪ್ಪಾ ಅನ್ನಿಸುತ್ತದೆ. ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದದ ಬಾಲವೇ ಯಾರು ಅಂತ ಹೇಳುತ್ತದೆ: ಆಬ್ಲೊ, ಆಬ್ಲಾಸ್, ಆಬ್ಲಾ, ಅಬ್ಲಾಮೊಸ್, ಅಬ್ಲಾಯಿಸ್, ಆಬ್ಲಾನ್. ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾನೆ, ಮಾತಾಡುತ್ತೇವೆ, ಮಾತಾಡುತ್ತೀರಿ, ಮಾತಾಡುತ್ತಾರೆ. ಅಲ್ಲಿ ಆರು, ಇಲ್ಲಿ ಆರು. ನಮ್ಮಲ್ಲಿ ಅವಳಿಗೆ ಮತ್ತು ಅದಕ್ಕೆ ಬೇರೆ ಬಾಲ ಬೇಕು, ಅವರು ಅದರಲ್ಲಿ ಉಳಿತಾಯ ಮಾಡಿದ್ದಾರೆ. ಪಟ್ಟಿ ನೋಡಿ ಹೆದರಬೇಡಿ, ಇದಕ್ಕಿಂತ ದೊಡ್ಡ ಪಟ್ಟಿ ನಿಮ್ಮ ತಲೆಯಲ್ಲಿ ಆಗಲೇ ಇದೆ.

ಭೂತಕಾಲ ಎರಡು ಥರ ಇದೆ ಅಂದಾಗಲೂ ಕ್ಲಾಸಿನಲ್ಲಿ ನಿಟ್ಟುಸಿರು ಕೇಳಿಸಿತು. ಫುಯಿ ಅಂದರೆ ಹೋದೆ, ಮುಗಿದ ಕತೆ. ಈಬಾ ಅಂದರೆ ಹೋಗುತ್ತಿದ್ದೆ. ಚಿಕ್ಕವರಿದ್ದಾಗ ಹೊಳೆಗೆ ಈಜಲು ಹೋಗುತ್ತಿದ್ದೆವು ಅನ್ನುವಾಗ ನಾವು ‘ಹೋದೆವು’ ಅನ್ನುತ್ತೇವಾ? ಇಲ್ಲ. ನಾನು ಹೊರಟಾಗ ಮಳೆ ಬರುತ್ತಿತ್ತು: ಹೊರಟದ್ದು ಒಂದು ಥರ, ಮಳೆ ಇನ್ನೊಂದು ಥರ. ಇಷ್ಟೇ ಆ ಪಾಠ.

ಸೆರ್, ಎಸ್ತಾರ್ ಎರಡೂ ‘ಇರು’ ಅಂತೆ. ಯಾವಾಗ ಯಾವುದು?

ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಅಂತ ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ನಂಬಬೇಡಿ. ಸತ್ತವರಿಗೆ ಎಸ್ತಾರ್ ಬಳಸುತ್ತಾರೆ, ಸಾವಿಗಿಂತ ಶಾಶ್ವತ ಏನಿದೆ?

ನನ್ನ ಉಪಾಯ ಇದು. ಕನ್ನಡದಲ್ಲಿ ಹೇಳಿ ನೋಡಿ. ‘ಅವಳು ಟೀಚರ್’, ‘ಇವರು ಮೈಸೂರಿನವರು’, ‘ಇದು ನನ್ನ ಪುಸ್ತಕ’, ಇಲ್ಲೆಲ್ಲ ‘ಇದೆ, ಇದ್ದಾರೆ’ ಏನೂ ಬೇಡ. ಅಲ್ಲಿ ಸೆರ್. ‘ಅವಳು ಅಡುಗೆಮನೆಯಲ್ಲಿದ್ದಾಳೆ’, ‘ಕಾಫಿ ಬಿಸಿ ಇದೆ’, ‘ಬಾಗಿಲು ತೆರೆದಿದೆ’, ಇಲ್ಲಿ ‘ಇರು’ ಬೇಕೇ ಬೇಕು. ಅಲ್ಲಿ ಎಸ್ತಾರ್. ಹತ್ತರಲ್ಲಿ ಏಳೆಂಟು ಸಲ ಸರಿಯಾಗಿ ಬರುತ್ತದೆ. ಕೈಕೊಡುವ ಕಡೆಯೂ ಹೇಳುತ್ತೇನೆ: ‘ಎತ್ತರ ಇದ್ದಾಳೆ, ಬುದ್ಧಿವಂತೆ ಇದ್ದಾಳೆ’ ಅಂತ ನಾವು ಅಂದರೂ ಅವರಿಗೆ ಅದು ಸೆರ್, ಯಾಕೆಂದರೆ ಅದು ಆ ಮನುಷ್ಯರ ಗುಣ. ಮತ್ತೆ, ಮದುವೆ ಎಲ್ಲಿ, ಮೀಟಿಂಗ್ ಎಲ್ಲಿ ಅನ್ನುವಾಗ ಜಾಗದ ಮಾತಾದರೂ ಸೆರ್. ಒಂದೇ ಪದಕ್ಕೆ ಎರಡೂ ಹೊಂದುವ ಕಡೆ ಅರ್ಥವೇ ಬದಲಾಗುತ್ತದೆ. ‘ಎಸ್ ಅಬುರ್ರೀದೊ’ ಅಂದರೆ ಅವನು ಬೋರ್ ಹೊಡೆಸುವವನು, ‘ಎಸ್ತಾ ಅಬುರ್ರೀದೊ’ ಅಂದರೆ ಅವನಿಗೇ ಬೋರಾಗಿದೆ.

ಉಚ್ಚಾರಣೆ ಹೇಗೆ ಸರಿ ಮಾಡಿಕೊಳ್ಳಲಿ?

ಇಂಗ್ಲಿಷ್ ಅಕ್ಷರ ನೋಡಿ ಓದುವುದನ್ನು ಬಿಡಿ, ಕಿವಿಗೆ ಬಿದ್ದದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಿ. ನಾನು ಎರಡು ನೋಟ್‌ಬುಕ್ ಹೀಗೆ ತುಂಬಿಸಿದ್ದೇನೆ.

ಸ್ಪ್ಯಾನಿಷ್‌ನಲ್ಲಿ ಸ್ವರ ಐದೇ: ಅ, ಇ, ಉ, ಎ, ಒ. ಎಲ್ಲಿ ಬಂದರೂ ಅದೇ ದನಿ. ಇಂಗ್ಲಿಷ್ ಮಾತಾಡುವವರಿಗೆ ಇದೇ ದೊಡ್ಡ ತೊಂದರೆ, ಅವರು ‘ನೊ’ ಅನ್ನಲು ಹೋಗಿ ‘ನೋವು’ ಅನ್ನುತ್ತಾರೆ, ಒತ್ತು ಬೀಳದ ಸ್ವರವನ್ನೆಲ್ಲ ನುಂಗಿಬಿಡುತ್ತಾರೆ. ನಮಗೆ ಈ ಕಷ್ಟವಿಲ್ಲ. ಆಮೇಲೆ ಗಾಳಿ. ನಮ್ಮ ಮೇಷ್ಟ್ರು ಎಲ್ಲರ ಬಾಯಿ ಮುಂದೆ ಒಂದು ಕಾಗದದ ಚೂರು ಹಿಡಿಸಿ ‘ಪಪೆಲ್’ ಅನ್ನಿಸಿದರು. ಎಲ್ಲರ ಕಾಗದವೂ ಹಾರಿತು, ನನ್ನದು ಅಲ್ಲಾಡಲಿಲ್ಲ. ಅವರ ಪ, ತ, ಕ ನಮ್ಮ ಅಲ್ಪಪ್ರಾಣಗಳೇ.

ಆದರೆ ನಾನು ಜಂಬ ಪಟ್ಟದ್ದು ಹತ್ತೇ ನಿಮಿಷ. ಮುಂದಿನ ಪದ ‘ಎಲ್ಲ’ ಅನ್ನುವ ಅರ್ಥದ ‘ತೊದೊ’. ನಾನು ‘ಟೊಡೊ’ ಅಂದೆ. ಇಂಗ್ಲಿಷ್‌ನ ಟೀ, ಡೀ ಕಂಡ ಕೂಡಲೇ ಟ, ಡ ಅಂತ ಓದಿ ಅಭ್ಯಾಸ. ಅವರದ್ದು ಹಲ್ಲಿಗೆ ತಗಲುವ ತ, ದ. ಬಾಯಲ್ಲಿ ಹುಟ್ಟಿದಾಗಿನಿಂದ ತ ಇಟ್ಟುಕೊಂಡು ಟ ಹೇಳುವುದು, ಅದೂ ಇಂಗ್ಲಿಷ್ ಕಣ್ಣಿನಿಂದಾಗಿ. ದ ಎರಡು ಸ್ವರದ ನಡುವೆ ಬಂದರೆ ಇನ್ನೂ ಮೆತ್ತಗಾಗುತ್ತದೆ. ಬ ಮತ್ತು ವ ಬೇರೆ ಬೇರೆ ಅಕ್ಷರವಾದರೂ ದನಿ ಒಂದೇ, ಹಸುವಿಗೆ ‘ಬಾಕಾ’.

ನೆತ್ತಿಯ ಮೇಲೆ ಅಲೆ ಇರುವ ಆ ಅಕ್ಷರ ಗೊತ್ತಲ್ಲ, ಅದು ನಮ್ಮ ಞ. ಒಂದನೇ ಕ್ಲಾಸಿನಲ್ಲಿ ‘ಚ ಛ ಜ ಝ ಞ’ ಅಂತ ಕೂಗಿ ಆಮೇಲೆ ಜೀವನದಲ್ಲಿ ಒಂಟಿಯಾಗಿ ಒಮ್ಮೆಯೂ ಬರೆಯದ ಞ. ವರ್ಷಕ್ಕೆ ‘ಆಞೊ’. ಈ ಅಲೆಯನ್ನು ಸಣ್ಣ ವಿಷಯ ಅಂದುಕೊಂಡು ನಾನು ಒಂದು ಮೆಸೇಜಿನಲ್ಲಿ ನನ್ನ ವಯಸ್ಸು ಬರೆದು ಕಳಿಸಿದ್ದೆ. ಅಲೆ ಇಲ್ಲದಿದ್ದರೆ ಅದು ‘ಆನೊ’, ಅಂದರೆ ಗುದದ್ವಾರ. ನನಗೆ 41 ಇವೆ ಎಂದು ಹೇಳಿದಂತಾಗಿತ್ತು. ಮೊಬೈಲಿನಲ್ಲಿ ಸ್ಪ್ಯಾನಿಷ್ ಕೀಬೋರ್ಡನ್ನು ಅವತ್ತೇ ಹಾಕಿಕೊಂಡೆ.

ರ ಎರಡಿವೆ. ‘ಪೆರೊ’ ಅಂದರೆ ಆದರೆ, ‘ಪೆರ್ರೊ’ ಅಂದರೆ ನಾಯಿ. ಒಂದು ನಮ್ಮ ರ, ಇನ್ನೊಂದು ನಾಲಿಗೆ ತುದಿ ನಡುಗಿಸುವಂಥದ್ದು. ಹಳಗನ್ನಡದಲ್ಲೂ ರ ಎರಡಿದ್ದವು, ಶಕಟರೇಫ ಅಂತ ಇನ್ನೊಂದು ಅಕ್ಷರವೇ ಇತ್ತು, ನಾವು ಕಳೆದುಕೊಂಡೆವು. ಮಕ್ಕಳು ಆಟದ ಲಾರಿ ಓಡಿಸುವಾಗ ‘ಡುರ್ರ್ರ್’ ಅನ್ನುತ್ತಾರಲ್ಲ, ಅದೇ ಅಭ್ಯಾಸ. ಸ್ನಾನ ಮಾಡುವಾಗ ಮಾಡಿ. ಬರದಿದ್ದರೂ ಪರವಾಗಿಲ್ಲ, ನಾಯಿ ಯಾವುದು ಅಂತ ಸಂದರ್ಭದಲ್ಲೇ ತಿಳಿಯುತ್ತದೆ.

ನಮಗೆ ನಿಜವಾಗಿ ಕಷ್ಟ ಒತ್ತು. ಕನ್ನಡದಲ್ಲಿ ಪದದ ಯಾವ ಭಾಗವನ್ನು ಒತ್ತಿ ಹೇಳಿದರೂ ಅರ್ಥ ಬದಲಾಗುವುದಿಲ್ಲ. ಅಲ್ಲಿ ‘ಆಬ್ಲೊ’ ಅಂದರೆ ಮಾತಾಡುತ್ತೇನೆ, ‘ಅಬ್ಲೋ’ ಅಂದರೆ ಅವನು ಮಾತಾಡಿದ. ಇಂಗ್ಲಿಷ್‌ನವರು ಇದರಲ್ಲಿ ನಮಗಿಂತ ಮುಂದೆ. ‘ನನ್ನ ಪಪಾಗೆ 70 ವರ್ಷ’ ಅನ್ನುವ ಬದಲು ‘ನನ್ನ ಪಾಪಾಗೆ 70 ವರ್ಷ’ ಎಂದೆ ಒಂದು ದಿನ. ಪಪಾ ಅಪ್ಪ, ಪಾಪಾ ಆಲೂಗಡ್ಡೆ. ನಿಯಮ ಸರಳ: ಪದದ ಕೊನೆಗೆ ಸ್ವರವೋ, ನ್ ಅಥವಾ ಸ್ ಇದ್ದರೆ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಒತ್ತು, ಬೇರೆ ವ್ಯಂಜನವಿದ್ದರೆ ಕೊನೆಯದಕ್ಕೆ, ಎರಡೂ ಅಲ್ಲವಾದರೆ ಸ್ವರದ ಮೇಲೆ ಗೀಟು ಹಾಕಿ ತೋರಿಸಿರುತ್ತಾರೆ. ಗೀಟು ಇದ್ದಲ್ಲಿ ಒತ್ತಿ, ಮುಗಿಯಿತು.

ಮೇಜು ಹೆಣ್ಣು, ಪುಸ್ತಕ ಗಂಡು. ಇದೇನು ಹಿಂಸೆ?

ಹಿಂಸೆಯೇ. ಇಲ್ಲಿ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಜೀವವಿಲ್ಲದ್ದೆಲ್ಲ ನಮಗೆ ‘ಅದು’. ಹಿಂದಿ ಕಲಿತವರಿಗೆ ಈ ಯೋಚನೆ ಹೊಸದಲ್ಲ, ಆದರೆ ಹಿಂದಿಯ ಲಿಂಗ ಇಲ್ಲಿ ನಡೆಯುವುದಿಲ್ಲ. ಓ ಕೊನೆಯಾದರೆ ಸಾಮಾನ್ಯವಾಗಿ ಗಂಡು, ಆ ಕೊನೆಯಾದರೆ ಹೆಣ್ಣು. ಕೈ ಅನ್ನುವ ‘ಮಾನೊ’ ಹೆಣ್ಣು, ದಿನ ಅನ್ನುವ ‘ದಿಯಾ’ ಗಂಡು. ಪ್ರೊಬ್ಲೇಮಾ, ಸಿಸ್ತೇಮಾ ಥರದ ಗ್ರೀಕ್ ಮೂಲದ ಪದಗಳೂ ಗಂಡು. ಹೊಸ ಪದವನ್ನು ಬರಿ ‘ಮೇಸಾ’ ಅಂತ ಕಲಿಯಬೇಡಿ, ‘ಲಾ ಮೇಸಾ’ ಅಂತ ಒಂದೇ ಉಸಿರಿಗೆ ಕಲಿಯಿರಿ. ತಪ್ಪಾದರೆ? ಅರ್ಥವಾಗುತ್ತದೆ, ನಗುತ್ತಾರೆ, ಅಷ್ಟೇ.

ಸಬ್‌ಜಂಕ್ಟಿವ್ ಅಂದರೆ ಎಲ್ಲರೂ ಹೆದರಿಸುತ್ತಾರೆ.

ಆಸೆ, ಸಂಶಯ ಹೇಳುವಾಗ ಬಳಸುವ ಕ್ರಿಯಾಪದದ ರೂಪ ಅದು. ಇಂಗ್ಲಿಷ್‌ನಲ್ಲಿ ಅದು ಸತ್ತೇಹೋಗಿದೆ ಅನ್ನುವಷ್ಟು ಕಮ್ಮಿ, ಅದಕ್ಕೇ ಅವರ ಪುಸ್ತಕಗಳಲ್ಲಿ ಅದೊಂದು ಭೂತ. ನಮ್ಮ ‘ಬರಲಿ, ಹೋಗಲಿ, ಆಗಲಿ’ ನೆನಪು ಮಾಡಿಕೊಳ್ಳಿ. ಆಗಿದೆ ಅನ್ನುವ ಮಾತಲ್ಲ, ಆಗಲಿ ಅನ್ನುವ ಮಾತು. ‘ಕೆ ಬೆಂಗಾ’ ಅಂದರೆ ಬರಲಿ. ‘ಓಹಲಾ ಯ್ವೇಬಾ’ ಅಂದರೆ ಮಳೆ ಬರಲಪ್ಪಾ. ಆ ಓಹಲಾ ಅನ್ನುವುದು ಅರಬ್ಬಿಯಿಂದ ಬಂದದ್ದು, ಅದರ ಬಾಲದಲ್ಲಿ ಅಲ್ಲಾಹನ ಹೆಸರೇ ಇದೆ. ಹೊರಡುವವರಿಗೆ ‘ಕೆ ತೆ ಬಾಯಾ ಬಿಯೆನ್’ ಅನ್ನುತ್ತಾರೆ, ಒಳ್ಳೆಯದಾಗಲಿ ಅಂತ. ಅವರದ್ದು ಇನ್ನೂ ಮುಂದಕ್ಕೆ ಹೋಗುತ್ತದೆ: ಸಂಶಯ, ಭಯ, ಖುಷಿ, ‘ನಾನು ಬಂದಾಗ’ ಅನ್ನುವ ಮುಂದಿನ ಮಾತು, ಎಲ್ಲಕ್ಕೂ ಇದೇ ರೂಪ. ಅದನ್ನು ನಿಧಾನಕ್ಕೆ ಕಲಿಯಿರಿ. ಬಾಗಿಲು ಮಾತ್ರ ‘ಬರಲಿ’ಯಿಂದಲೇ ತೆಗೆಯಿರಿ.

ಸ್ಪೇನಿನದ್ದು ಕಲಿಯಲಾ, ಮೆಕ್ಸಿಕೊದ್ದಾ?

ಯಾರ ಜೊತೆ ಮಾತಾಡುತ್ತೀರೋ ಅವರದ್ದು. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಅಮೆರಿಕದಲ್ಲಿ ಅದನ್ನು ಮನೆಮಾತಾಗಿ ಆಡುವವರು 4 ಕೋಟಿಗೂ ಹೆಚ್ಚು. ಹ್ಯೂಸ್ಟನ್‌ನಲ್ಲಿರುವ ನನಗೆ ಮೆಕ್ಸಿಕೊದ್ದೇ ಸರಿ. ಬಾರ್ಸಿಲೋನಾಕ್ಕೆ ಓದಲು ಹೋಗುವವರಿಗೆ ಸ್ಪೇನಿನದ್ದು. ಧಾರವಾಡದವರೂ ಮಂಗಳೂರಿನವರೂ ಮಾತಾಡಿಕೊಂಡ ಹಾಗೆ, ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತದೆ, ನಡುವೆ ಒಂದೆರಡು ಪದಕ್ಕೆ ಹುಬ್ಬು ಏರುತ್ತದೆ. ಸ್ಪೇನಿನ ಹೆಚ್ಚಿನ ಕಡೆ ಕೆಲವು ಸಕಾರಗಳನ್ನು ನಾಲಿಗೆ ಕಚ್ಚಿ ಹೇಳುತ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ ಇಲ್ಲ. ಕಂಪ್ಯೂಟರ್ ಸ್ಪೇನಿನಲ್ಲಿ ಒರ್ದೆನದೋರ್, ಮೆಕ್ಸಿಕೊದಲ್ಲಿ ಕೊಂಪುತದೋರಾ. ಕ್ಯೂಬಾದಲ್ಲಿ ‘ಗ್ವಾಗ್ವಾ’ ಅಂದರೆ ಬಸ್ಸು, ಚಿಲಿಯಲ್ಲಿ ಹಸುಗೂಸು. ಗ್ವಾಗ್ವಾ ತಪ್ಪಿಹೋಯಿತು ಅಂತ ಚಿಲಿಯಲ್ಲಿ ಹೇಳಬೇಡಿ. ಸ್ಪೇನಿನಲ್ಲಿ ಬಸ್ಸು ಹಿಡಿಯಲು ದಿನಾ ಬಳಸುವ ‘ಕೊಹೇರ್’ ಅನ್ನುವ ಪದ ಮೆಕ್ಸಿಕೊ, ಅರ್ಜೆಂಟೀನಾದಲ್ಲಿ ಬಹಳ ಕೆಟ್ಟ ಮಾತು. ಇದನ್ನು ಮಾತ್ರ ಮೊದಲೇ ತಿಳಿದಿರಿ.

ನೀನು, ನೀವು?

‘ತು’ ನೀನು, ‘ಉಸ್ತೆದ್’ ನೀವು. ಇಂಗ್ಲಿಷ್‌ನವರಿಗೆ ಯಾರನ್ನು ಹೇಗೆ ಕರೆಯಬೇಕೆಂಬ ಅಳುಕು ಕಲಿಸಬೇಕು, ನಮಗೆ ಅದು ರಕ್ತದಲ್ಲೇ ಇದೆ, ಸ್ವಲ್ಪ ಜಾಸ್ತಿಯೇ. ಸ್ಪೇನಿನಲ್ಲಿ ಬೇಗ ತುಗೆ ಇಳಿಯುತ್ತಾರೆ. ಬೊಗೊಟಾದ ಕಡೆ ಮನೆಯವರನ್ನೂ ಉಸ್ತೆದ್ ಅನ್ನುವುದುಂಟು, ನಮ್ಮಲ್ಲಿ ಕೆಲವು ಮನೆಗಳಲ್ಲಿ ಮಕ್ಕಳನ್ನೂ ಬನ್ನಿ ಹೋಗಿ ಅನ್ನುತ್ತಾರಲ್ಲ, ಹಾಗೆ. ಅರ್ಜೆಂಟೀನಾದಲ್ಲಿ ತು ಬದಲು ‘ಬೊಸ್’, ಬಾಲವೂ ಬೇರೆ. ತಿರುವು ಒಂದೇ: ಉಸ್ತೆದ್‌ಗೆ ‘ಅವನು, ಅವಳು’ ರೂಪದ ಕ್ರಿಯಾಪದ ಬರುತ್ತದೆ.

ಡ್ಯೂಯೊಲಿಂಗೊ ಒಂದೇ ಸಾಕಾ?

ಸಾಲದು. 2012ರಲ್ಲಿ ಎಲ್ಲರಿಗೂ ತೆರೆದ ಆ ಆ್ಯಪನ್ನು ಕಟ್ಟಿದವರಲ್ಲಿ ಒಬ್ಬರಾದ ಲೂಯಿಸ್ ಫಾನ್ ಆನ್ ಗ್ವಾಟೆಮಾಲದವರು, ಸ್ಪ್ಯಾನಿಷ್ ಮನೆಯಿಂದಲೇ ಬಂದವರು. ಶುರುವಿಗೆ ಚೆನ್ನ. ಮೊದಲ ಎರಡು ತಿಂಗಳು ದಿನಾ ಕೂರಿಸುತ್ತದಲ್ಲ, ಅದೇ ದೊಡ್ಡ ಉಪಕಾರ. ಆದರೆ 400 ದಿನದ ಸರಣಿ ಇರುವವರು ಟ್ಯಾಕೊ ಅಂಗಡಿಯಲ್ಲಿ ಬಾಯಿ ಬಿಡಲಾಗದೆ ನಿಂತದ್ದನ್ನು ಕಣ್ಣಾರೆ ನೋಡಿದ್ದೇನೆ. ನಾಲ್ಕರಲ್ಲಿ ಒಂದು ಉತ್ತರ ಆರಿಸುವುದು ಬೇರೆ, ಖಾಲಿ ಬಾಯಲ್ಲಿ ವಾಕ್ಯ ಹುಟ್ಟಿಸುವುದು ಬೇರೆ.

ನನಗೆ ಕೆಲಸ ಮಾಡಿದ್ದು ಹೀಗೆ. ಕಾರಿನಲ್ಲಿ ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಅನ್ನುವ ಆಡಿಯೊ ಪಾಠ ಕೇಳಿದೆ, 90 ಪಾಠ, ಪೂರ್ತಿ ಉಚಿತ, ಇಂಗ್ಲಿಷ್ ಬಲ್ಲವರು ಯೋಚಿಸಿ ವಾಕ್ಯ ಕಟ್ಟುವ ಹಾಗೆ ಮಾಡಿದ್ದಾರೆ. ಪದಗಳಿಗೆ ಆಂಕಿ ಅನ್ನುವ, ಕಾರ್ಡು ತೋರಿಸಿ ನೆನಪು ಮಾಡಿಸುವ ಆ್ಯಪ್, ದಿನಕ್ಕೆ ಹತ್ತೇ ಹೊಸ ಕಾರ್ಡು, ಅದಕ್ಕಿಂತ ಜಾಸ್ತಿ ಹಾಕಿದರೆ ಮೂರನೇ ವಾರಕ್ಕೆ ಸಾಲಗಾರರ ಹಾಗೆ ಬೆನ್ನು ಹತ್ತುತ್ತವೆ. ಕೇಳುವುದಕ್ಕೆ ಡ್ರೀಮಿಂಗ್ ಸ್ಪ್ಯಾನಿಷ್‌ನ ವಿಡಿಯೊಗಳು. ಅವರು ವ್ಯಾಕರಣ ಬೇಡ, ತಿಳಿಯುವ ಮಟ್ಟದ ಮಾತನ್ನು ರಾಶಿ ರಾಶಿ ಕೇಳಿ ಅನ್ನುತ್ತಾರೆ, ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರ್ಯಾಶೆನ್ ಅವರ ವಾದದ ದಾರಿ ಅದು. ಕೇಳುವ ಮಾತು ನಿಜ. ವ್ಯಾಕರಣ ಬೇಡವೇ ಬೇಡ ಅನ್ನುವುದು ನನಗೆ ಒಪ್ಪಿಗೆಯಿಲ್ಲ, ಹತ್ತು ನಿಮಿಷದಲ್ಲಿ ತಿಳಿಯುವ ನಿಯಮವನ್ನು ನೂರು ಗಂಟೆ ಕೇಳಿ ಯಾಕೆ ಊಹಿಸಬೇಕು? ಮತ್ತೆ ವಾರಕ್ಕೊಮ್ಮೆ ಅರ್ಧ ಗಂಟೆ ಆನ್‌ಲೈನ್‌ನಲ್ಲಿ ಮೇಷ್ಟ್ರ ಜೊತೆ ಮಾತು. ದುಡ್ಡು ಖರ್ಚು ಮಾಡುವುದಿದ್ದರೆ ಇದೊಂದಕ್ಕೆ ಮಾಡಿ. ಉಳಿದದ್ದೆಲ್ಲ ಪುಕ್ಕಟೆ ಸಿಗುತ್ತದೆ.

ಓದಿದರೆ ತಿಳಿಯುತ್ತದೆ, ಮಾತಾಡಿದರೆ ಗಾಳಿ ಬೀಸಿದ ಹಾಗೆ. ಯಾಕೆ?

ಅವರು ನಿಜಕ್ಕೂ ಸೆಕೆಂಡಿಗೆ ಹೆಚ್ಚು ಉಚ್ಚಾರಾಂಶ ಆಡುತ್ತಾರೆ. ಆದರೆ ಅದಕ್ಕಿಂತ ದೊಡ್ಡ ಕಾರಣ ಸಂಧಿ. ‘ಲೊಸ್ ಅಮಿಗೊಸ್’ ಕಿವಿಗೆ ‘ಲೊಸಮಿಗೊಸ್’. ‘ಬಾ ಆ ಅಸೇರ್’, ಮಾಡಲಿದ್ದಾನೆ, ಮೂರು ಅಕಾರ ಸೇರಿ ‘ಬಾಸೇರ್’. ಸವರ್ಣದೀರ್ಘ ಸಂಧಿಯನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ಕೊನೆಗೂ ಉಪಯೋಗಕ್ಕೆ ಬಂತು ನೋಡಿ. ಕ್ಯೂಬಾ, ಪೋರ್ಟೊ ರಿಕೊ ಕಡೆಯವರು ಕೊನೆಯ ಸಕಾರವನ್ನೂ ನುಂಗುತ್ತಾರೆ. ಎರಡು ನಿಮಿಷದ ಆಡಿಯೊ ತಗೊಂಡು, ಬರೆದ ಪಾಠ ಪಕ್ಕದಲ್ಲಿಟ್ಟು, ಹತ್ತು ಸಲ ಕೇಳಿ. ಒಂದು ಗಂಟೆ ಹಿನ್ನೆಲೆಯಲ್ಲಿ ಹಾಕಿಟ್ಟು ಪಾತ್ರೆ ತೊಳೆಯುವುದಕ್ಕಿಂತ ಇದು ಮೇಲು.

ಪರೀಕ್ಷೆ, ಸರ್ಟಿಫಿಕೇಟು ಬೇಕಾ?

ಕೆಲಸಕ್ಕೋ ಓದಿಗೋ ಕೇಳಿದರೆ ಮಾತ್ರ. ಸ್ಪೇನ್ ಸರ್ಕಾರ 1991ರಲ್ಲಿ ಕಟ್ಟಿದ ಇನ್‌ಸ್ತಿತೂತೊ ಸೆರ್ಬಾಂತೆಸ್ ನಡೆಸುವ ‘ದೆಲೆ’ ಪರೀಕ್ಷೆಗೆ ಎ1ರಿಂದ ಸಿ2ವರೆಗೆ ಆರು ಹಂತ, ಒಮ್ಮೆ ಪಾಸಾದರೆ ಅವಧಿ ಮುಗಿಯುವುದಿಲ್ಲ. ‘ಸಿಯೆಲೆ’ ಕಂಪ್ಯೂಟರಿನಲ್ಲಿ ಬರೆಯುವಂಥದ್ದು, ಐದು ವರ್ಷ ನಡೆಯುತ್ತದೆ. ಭಾರತದಲ್ಲಿ ಸೆರ್ಬಾಂತೆಸ್ ಕೇಂದ್ರ ದೆಹಲಿಯಲ್ಲಿದೆ. ಸುಮ್ನೆ ಖುಷಿಗೆ ಕಲಿಯುವವರು ಆ ದುಡ್ಡಿನಲ್ಲಿ ಒಂದು ಟ್ರಿಪ್ ಹೋಗಿ ಬನ್ನಿ.

ನಮ್ಮ ಕಡೆಯ ಪದ ಏನಾದರೂ ಸಿಗುತ್ತಾ?

ಸಿಗುತ್ತದೆ. ಸಕ್ಕರೆಗೆ ‘ಅಸೂಕಾರ್’. ಸಂಸ್ಕೃತದ ಶರ್ಕರಾ ಪರ್ಷಿಯನ್, ಅರಬ್ಬಿ ದಾಟಿ ಸ್ಪೇನಿಗೆ ಹೋದದ್ದು. ಕಿತ್ತಳೆಗೆ ‘ನರಾಂಹಾ’, ನಮ್ಮ ನಾರಂಗಿಯ ಬಂಧು. ಚದುರಂಗ ‘ಅಹೆದ್ರೇಸ್’ ಆಗಿದೆ. ಮಂಗಳೂರು ಕಡೆಯವರು ಇನ್ನೂ ನಗಬಹುದು: ಬಕೆಟಿಗೆ ಅವರು ‘ಬಾಲ್ದೆ’ ಅನ್ನುತ್ತಾರೆ. ಬಾಲ್ದಿ ನಮಗೆ ಬಂದದ್ದು ಪೋರ್ಚುಗೀಸರಿಂದ, ಸ್ಪ್ಯಾನಿಷ್‌ನಲ್ಲೂ ಅದೇ ಪದ ಇದೆ.

ನಾನು ಸ್ಪ್ಯಾನಿಷ್‌ನಲ್ಲಿ ಕೇಳಿದರೆ ಅವರು ಇಂಗ್ಲಿಷ್‌ನಲ್ಲೇ ಉತ್ತರ ಕೊಡುತ್ತಾರೆ. ಏನು ಮಾಡಲಿ?

ಬೆಂಗಳೂರಿನಲ್ಲಿ ಕನ್ನಡ ಕಲಿಯಲು ಹೊರಟ ಹೊರಗಿನವರಿಗೆ ನಾವು ಮಾಡುವುದೂ ಇದನ್ನೇ, ಅಲ್ವಾ? ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ, ಕೆಲಸ ಬೇಗ ಆಗಲಿ ಅಂತ. ಅಂಗಡಿಯಲ್ಲಿ ರಶ್ ಇದ್ದಾಗ ಹಟ ಮಾಡಬೇಡಿ. ಮಧ್ಯಾಹ್ನ ಮೂರಕ್ಕೆ ಹೋಗಿ, ಆಗ ಯಾರಿಗೂ ಅವಸರವಿರುವುದಿಲ್ಲ. ‘ಎಸ್ತೊಯ್ ಅಪ್ರೆಂದಿಯೆಂದೊ’, ಕಲಿಯುತ್ತಿದ್ದೇನೆ ಅಂತ ಮೊದಲೇ ಹೇಳಿ. ವಯಸ್ಸಾದವರನ್ನು ಹುಡುಕಿ ಮಾತಾಡಿಸಿ, ಅವರಿಗೆ ಪುರುಸೊತ್ತೂ ಇರುತ್ತದೆ, ಇಂಗ್ಲಿಷ್ ಕಮ್ಮಿಯೂ ಇರುತ್ತದೆ. ನಾನು ತರಕಾರಿ ತರುವ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟುವ ಒಬ್ಬ ಅಜ್ಜಿ ಇದ್ದಾರೆ. ‘ಕೊತ್ತಂಬರಿ’ ಅನ್ನಲು ನಾನು ಅವರಿಗೆ ಕಲಿಸಿದೆ, ಅವರು ‘ಸಿಲಾಂತ್ರೊ’ವಿನ ಮೇಲೆ ನನ್ನ ಒತ್ತು ಸರಿ ಮಾಡಿದರು. ಅವರ ತ ನನ್ನದಕ್ಕಿಂತ ಚೆನ್ನಾಗಿದೆ.